ಉಪ್ಪಿನಕಾಯಿಗೆ ‘ರುಚಿಗೆ ತಕ್ಕಷ್ಟು’ ಉಪ್ಪು ಎಂದವರನ್ನು ನಂಬಬೇಡಿ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ):

“ಸಂಪಾದಕರಿಗೆ ನಮಸ್ಕಾರ. ಈ ವರ್ಷ ಐದು ಕೆ.ಜಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ತರಿಸಿ, ಮೊಬೈಲಿಗೆ ಬಂದ ಒಂದು ವಿಧಾನ ನೋಡಿಕೊಂಡು ಉಪ್ಪಿನಕಾಯಿ ಹಾಕಿದೆ. ಸಾವಿರಾರು ಜನ ಮೆಚ್ಚಿದ್ದ ವಿಧಾನ, ಅದನ್ನೂ ಬರೆದು ಕಳಿಸಿದ್ದೇನೆ. ಎರಡು ಲೋಟ ಕಲ್ಲುಪ್ಪು ಹಾಕಿದ್ದೆ. ಆಷಾಢದ ಹೊತ್ತಿಗೆ ಮೇಲೆ ಬಿಳಿ ಪೊರೆ ಕಟ್ಟಿ ಮಿಡಿಯೆಲ್ಲ ಮೆತ್ತಗಾಯಿತು. ಒಬ್ಬರು ವಿನೆಗರ್ ಹಾಕಬೇಕಿತ್ತು ಅಂತಾರೆ. ಒಬ್ಬರು ಮುಟ್ಟಾದವರು ಭರಣಿ ಮುಟ್ಟಿರಬೇಕು ಅಂತಾರೆ. ಇನ್ನೊಬ್ಬರು, ಉಪ್ಪು ಜಾಸ್ತಿಯಾದರೆ ಬಿ.ಪಿ. ಬರುತ್ತೆ, ಕಮ್ಮಿ ಹಾಕಿದ್ದೇ ಸರಿ ಅಂತಾರೆ. ನಮ್ಮತ್ತೆಯವರು ‘ಅದೆಲ್ಲ ಕೈಗುಣ, ಕೇಳಿ ಕಲಿಯೋದಲ್ಲ’ ಅಂದುಬಿಟ್ಟರು. ಅಡುಗೆ ವಿಷಯದಲ್ಲಿ ಯಾರ ಮಾತು ನಂಬಬೇಕು?”

ಉತ್ತರ:

ಮೊದಲು ನಿಮ್ಮ ಭರಣಿಯ ವಿಷಯ ಮುಗಿಸೋಣ. ಪೊರೆ ಮಾತ್ರ ಕಟ್ಟಿ, ಮಿಡಿ ಗಟ್ಟಿಯಾಗೇ ಇದ್ದಿದ್ದರೆ ಉಳಿಸಿಕೊಳ್ಳಬಹುದಿತ್ತು. ಪೊರೆ ತೆಗೆದು, ಉಪ್ಪುನೀರು ಸೋಸಿ, ಇನ್ನಷ್ಟು ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ ಮತ್ತೆ ಹೊಯ್ದರೆ ಸಾಕಿತ್ತು. ಆದರೆ ಮಿಡಿ ಮೆತ್ತಗಾಗಿದೆ ಎಂದು ಬರೆದಿದ್ದೀರಿ. ಮೆತ್ತಗಾದ ಮಿಡಿ ಮತ್ತೆ ಗಟ್ಟಿಯಾಗುವುದಿಲ್ಲ. ಲೋಳೆಯಾಗಿದ್ದರೆ, ಕೆಟ್ಟ ವಾಸನೆ ಬಂದಿದ್ದರೆ, ಹಸಿರೋ ಕಪ್ಪೋ ಬೂಷ್ಟು ಕಂಡಿದ್ದರೆ ರುಚಿ ನೋಡುವುದಕ್ಕೂ ಹೋಗದೆ ಗುಂಡಿ ತೆಗೆದು ಮುಚ್ಚಿಬಿಡಿ. ಐದು ಕೆ.ಜಿ. ಮಿಡಿಯ ಬೆಲೆ ಗೊತ್ತಿದ್ದೇ ಹೇಳುತ್ತಿದ್ದೇವೆ.

ನೀವು ಕಳಿಸಿದ ವಿಧಾನವನ್ನು ಎರಡು ಸಲ ಓದಿದೆವು. ಒಗ್ಗರಣೆಗೆ ಇಂಗು ಯಾವಾಗ ಹಾಕಬೇಕು, ಯಾವ ಬಣ್ಣದ ಬಟ್ಟಲಲ್ಲಿ ಬಡಿಸಿದರೆ ಚೆಂದ, ಎಲ್ಲ ಇದೆ. ಉಪ್ಪಿನ ಮುಂದೆ ಮಾತ್ರ ‘ರುಚಿಗೆ ತಕ್ಕಷ್ಟು’ ಎಂದಿದೆ. ಸಾರಿಗೆ, ಪಲ್ಯಕ್ಕೆ ಆ ಮಾತು ಸರಿ, ಹೆಚ್ಚುಕಮ್ಮಿಯಾದರೆ ಒಂದು ಊಟ ಸಪ್ಪೆಯಾಗುತ್ತದೆ, ಅಷ್ಟೆ. ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗಲ್ಲ, ಕಾಯುವುದಕ್ಕೆ. ಇಷ್ಟು ಕೂಡ ತಿಳಿಸದ ವಿಧಾನವನ್ನು ಎಷ್ಟು ಸಾವಿರ ಜನ ಮೆಚ್ಚಿದರೇನು? ಮೆಚ್ಚಿದವರಲ್ಲಿ ಎಷ್ಟು ಮಂದಿ ಭರಣಿಯಲ್ಲಿ ಹಾಕಿ, ಮಳೆಗಾಲ ದಾಟಿಸಿ, ದೀಪಾವಳಿಗೆ ತೆಗೆದು ನೋಡಿ ಮೆಚ್ಚಿದ್ದಾರೆ? ಹಾಕಿದ ದಿನವೇ ಫೋಟೊ ನೋಡಿ ಮೆಚ್ಚುವ ಪದಾರ್ಥವಲ್ಲ ಅದು. ಇದನ್ನು ನೀವು ಕೇಳಿಕೊಳ್ಳಬೇಕಿತ್ತು. ಅಷ್ಟರ ಮಟ್ಟಿಗೆ ತಪ್ಪು ನಿಮ್ಮದೂ ಇದೆ.

ಲೆಕ್ಕ ಹೀಗಿದೆ. ಒಂದು ಕೆ.ಜಿ. ಮಿಡಿಗೆ 250ರಿಂದ 300 ಗ್ರಾಂ ಕಲ್ಲುಪ್ಪು ಬೇಕು. ನಿಮ್ಮ ಐದು ಕೆ.ಜಿ.ಗೆ ಕಡಿಮೆಯೆಂದರೂ ಒಂದೂಕಾಲು ಕೆ.ಜಿ. ನೀವು ಹಾಕಿದ ಎರಡು ಲೋಟ ಅರ್ಧ ಕೆ.ಜಿ. ಆಸುಪಾಸು ತೂಗೀತು. ಅಂದರೆ ಮಿಡಿಯ ಹತ್ತನೇ ಒಂದು ಪಾಲು. ಅಷ್ಟು ಉಪ್ಪಿನಲ್ಲಿ ಹುಳಿ ಬರಿಸುವ ಸೂಕ್ಷ್ಮಜೀವಿಗಳೂ ಪೊರೆ ಕಟ್ಟುವ ಯೀಸ್ಟೂ ಆರಾಮಾಗಿ ಬದುಕುತ್ತವೆ. ಕಾಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಒಡೆಯುತ್ತದೆ, ಮಿಡಿ ಕುಸಿಯುತ್ತದೆ. ಇನ್ನೊಂದು ವಿಷಯ: ಅದೇ ಲೋಟದಲ್ಲಿ ಪುಡಿ ಉಪ್ಪು ಅಳೆದರೆ ತೂಕ ಜಾಸ್ತಿ, ಹರಳಿನ ನಡುವೆ ಸಂದು ಇರುವುದರಿಂದ ಕಲ್ಲುಪ್ಪು ಅಳೆದರೆ ಕಡಿಮೆ. ಹಾಗಾಗಿ ಉಪ್ಪಿನಕಾಯಿಗೆ ಲೋಟದ ಅಳತೆ ಹೇಳುವವರು ಯಾವ ಉಪ್ಪು ಎಂದು ಹೇಳದಿದ್ದರೆ ಅರ್ಧ ಮಾತು ನುಂಗಿದ್ದಾರೆ ಎಂದೇ ಅರ್ಥ.

ಮುಂದಿನ ಸಲಕ್ಕೆ ಪೂರ್ತಿ ಬರೆಯುತ್ತೇವೆ, ಕತ್ತರಿಸಿ ಇಟ್ಟುಕೊಳ್ಳಿ. ಮರದಿಂದ ಕೈಯಲ್ಲೋ ಬಲೆಯಲ್ಲೋ ಇಳಿಸಿದ ಮಿಡಿಯನ್ನೇ ತನ್ನಿ. ಬಡಿದು ಬೀಳಿಸಿದ್ದು ಒಳಗೇ ಜಜ್ಜಿಹೋಗಿರುತ್ತದೆ, ಒಂದು ಜಜ್ಜಿದ ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟು ಪೂರ್ತಿ ಮುರಿಯಬೇಡಿ, ಕಾಲು ಅಂಗುಲ ಬಿಡಿ. ಸೊನೆ ಒಳಗೆ ಉಳಿಯಬೇಕು, ಅಪ್ಪೆಯ ಪರಿಮಳವಿರುವುದೇ ಅದರಲ್ಲಿ. ತೊಳೆದ ಮೇಲೆ ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಹರಡಿ, ತೊಟ್ಟಿನ ಬುಡದಲ್ಲೂ ಪಸೆ ಇಲ್ಲದ ಹಾಗೆ ಆರಿಸಿ. ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ, ಮೇಲೆ ಮತ್ತೆ ಉಪ್ಪು, ಅದರ ಮೇಲೆ ಭಾರ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಹತ್ತರಿಂದ ಹದಿನೈದು ದಿನಕ್ಕೆ ಮಿಡಿ ಸುಕ್ಕುಗಟ್ಟಿ ತನ್ನ ನೀರಿನಲ್ಲೇ ಮುಳುಗಿರಬೇಕು. ಮುಳುಗದಿದ್ದರೆ ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಿ ಕುದಿಸಿ, ಆರಿಸಿ, ಮುಳುಗುವಷ್ಟು ಹೊಯ್ಯಿರಿ. ನೀರಿನ ಮೇಲೆ ತಲೆ ಎತ್ತಿದ ಮಿಡಿಯೇ ಮೊದಲು ಕೆಡುವುದು.

ಆಮೇಲೆ ಆ ಉಪ್ಪುನೀರು ಸೋಸಿ, ಕುದಿಸಿ, ಆರಿಸಿ ಖಾರ ರುಬ್ಬುವುದು. ಕೆ.ಜಿ. ಮಿಡಿಗೆ 100ರಿಂದ 150 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, 75 ಗ್ರಾಂ ಸಾಸಿವೆ, ಒಂದೆರಡು ಚಮಚ ಅರಿಸಿನ ಸಾಕು. ‘ಆರಿಸಿ’ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿ ನೀರಿನಲ್ಲಿ ಸಾಸಿವೆ ರುಬ್ಬಿದರೆ ಘಾಟು ಹುಟ್ಟುವುದೇ ಇಲ್ಲ. ಘಾಟು ಮೂಗಿಗೆ ಮಾತ್ರವಲ್ಲ, ಬೂಷ್ಟನ್ನು ದೂರ ಇಡುವುದರಲ್ಲಿ ಅದಕ್ಕೂ ಪಾಲಿದೆ.

ಈಗ ನಿಮಗೆ ಬುದ್ಧಿ ಹೇಳಿದ ನಾಲ್ವರ ಮಾತು. ವಿನೆಗರ್ ಎಂದವರು ಹುಳಿ ಕಡಿಮೆ ಎಂದುಕೊಂಡರು, ಆದರೆ ಮಿಡಿಗೆ ಹುಳಿಯ ಕೊರತೆ ಇರಲಿಲ್ಲ. ಮುಟ್ಟಿನ ಮಾತಾಡಿದವರಿಗೆ ಒಂದೇ ಉತ್ತರ: ಭರಣಿಗೆ ಕೇಡು ತರುವುದು ಹಸಿ ಕೈ, ಹಸಿ ಸೌಟು. ಆ ಕೈ ಯಾರದ್ದು, ಯಾವ ದಿನದ್ದು ಎಂಬುದು ಉಪ್ಪಿನಕಾಯಿಗೆ ಗೊತ್ತಾಗುವುದಿಲ್ಲ. ಇನ್ನು ಬಿ.ಪಿ.ಯ ಮಾತು ಸುಳ್ಳಲ್ಲ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದಕ್ಕೆ ದಾರಿ ಊಟಕ್ಕೆ ಅರ್ಧ ಮಿಡಿ ಬಡಿಸಿಕೊಳ್ಳುವುದು. ಭರಣಿಯ ಉಪ್ಪು ಕಡಿತ ಮಾಡಿದರೆ ಬಿ.ಪಿ. ಇಳಿಯುವ ಮೊದಲು ಮಿಡಿ ಕೊಳೆಯುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇವೆ. ಅದಕ್ಕೆ ಮೊದಲು ಯಾರನ್ನು ನಂಬಬೇಕು ಎಂಬ ನಿಮ್ಮ ಪ್ರಶ್ನೆ.

ನಮ್ಮ ಮಟ್ಟಿಗೆ ಉತ್ತರ ಸ್ಪಷ್ಟ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಹೇಳಬಲ್ಲವರನ್ನು ನಂಬಿ. ಯಾವ ಊರಿನಲ್ಲಿ, ಯಾವ ಅಕ್ಕಿಯಲ್ಲಿ, ಯಾವ ತಿಂಗಳಲ್ಲಿ ಮಾಡಿದ್ದು ಎಂದು ತಿಳಿಸುವವರನ್ನು ನಂಬಿ. ‘ನೂರಕ್ಕೆ ನೂರು ಬರುತ್ತೆ, ಕಣ್ಣುಮುಚ್ಚಿ ಮಾಡಿ’ ಎನ್ನುವವರ ಮನೆಯಲ್ಲಿ ಅದು ಚೆನ್ನಾಗಿಯೇ ಬಂದಿರಬಹುದು. ನಿಮ್ಮ ಮನೆಯಲ್ಲಿ ಬರದಿದ್ದಾಗ ಅವರ ಬಳಿ ಹೇಳಲು ಏನೂ ಇರುವುದಿಲ್ಲ.

ಇಡ್ಲಿ ಹಿಟ್ಟನ್ನೇ ನೋಡಿ. ಮಂಗಳೂರಿನವರು ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಉಕ್ಕಿ ಪಾತ್ರೆಯಿಂದಾಚೆ ಬಂದಿರುತ್ತದೆ, ಎಂಟು ಗಂಟೆ ಸಾಕು ಎಂದು ಅವರು ಹೇಳುವುದು ಅವರ ಸೆಕೆಗೆ ಸತ್ಯ. ಘಟ್ಟದ ಮೇಲೆ, ಧನುರ್ಮಾಸದ ಚಳಿಯಲ್ಲಿ, ಅದೇ ಹಿಟ್ಟಿಗೆ ಹದಿನಾಲ್ಕು ಹದಿನಾರು ಗಂಟೆ ಬೇಕಾಗುತ್ತದೆ. ಹುದುಗು ಬಾರದ ಹಿಟ್ಟಿಗೆ ಸೋಡಾ ಸುರಿಯಿರಿ ಎಂದು ಸಲಹೆ ಬರುತ್ತದೆ. ಸೋಡಾ ಉಬ್ಬಿಸುತ್ತದೆ, ಹುಳಿಯ ರುಚಿ ತರುವುದಿಲ್ಲ. ಬಚ್ಚಲ ಒಲೆಯ ಪಕ್ಕ, ಹಂಡೆಯ ಕಾವು ತಾಗುವ ಹಾಗೆ ಪಾತ್ರೆ ಇಡಿ ಎಂದು ಹೇಳುವವರು ಮಲೆನಾಡಿನವರೇ ಆಗಿರಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅವರೆಕಾಳು, ಹುರುಳಿ ಬೇಯಲು ಕರಾವಳಿಗಿಂತ ಹೆಚ್ಚು ಹೊತ್ತು ಹಿಡಿದರೆ ಅದು ನಿಮ್ಮ ಕೈಯ ದೋಷವಲ್ಲ.

ಅಕ್ಕಿ ರೊಟ್ಟಿಯಲ್ಲೂ ಇದೇ ಕಥೆ. ಲೋಟ ಹಿಟ್ಟಿಗೆ ಲೋಟ ನೀರು ಎನ್ನುವವರೂ ಸರಿ, ಒಂದೂಕಾಲು ಎನ್ನುವವರೂ ಸರಿ. ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ, ಹಳೇ ಅಕ್ಕಿ ಹೆಚ್ಚು ಕುಡಿಯುತ್ತದೆ. ಅಂಚು ಬಿರಿಯುತ್ತಿದ್ದರೆ ಹಿಟ್ಟು ಸರಿಯಾಗಿ ಬೆಂದಿಲ್ಲವೆಂದೇ ಲೆಕ್ಕ: ನೀರು ಮರಳುವಾಗಲೇ ಹಿಟ್ಟು ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು.

ಇವೆಲ್ಲ ತಪ್ಪಿದರೆ ಒಂದು ಹೊತ್ತಿನ ತಿಂಡಿ ಹೋಯಿತು. ಕೆಲವು ಸಲಹೆ ತಪ್ಪಿದರೆ ಪ್ರಾಣಕ್ಕೇ ಕುತ್ತು. ಮುಂಗಾರು ಬಿದ್ದು ಕಳಲೆ (ಎಳೆ ಬಿದಿರಿನ ಮೊಳಕೆ) ಚಿಗುರುವ ಹೊತ್ತಿಗೆ ‘ಹತ್ತು ನಿಮಿಷದ ಕಳಲೆ ಪಲ್ಯ’ದ ಸಲಹೆಗಳೂ ಚಿಗುರುತ್ತವೆ. ಹಸಿ ಕಳಲೆಯನ್ನು ಹೆಚ್ಚಿದಾಗ ಅದರಲ್ಲಿರುವ ಅಂಶ ಒಡೆದು ಸಯನೈಡ್ ಬಿಡುತ್ತದೆ. ತುದಿಯ ಎಳೆ ಭಾಗದಲ್ಲೇ ಅದು ಹೆಚ್ಚು. ಅದಕ್ಕೇ ನಮ್ಮ ಹಳ್ಳಿಮನೆಗಳಲ್ಲಿ ಸಣ್ಣಗೆ ಹೆಚ್ಚಿ, ಮೂರು ದಿನ ನೆನೆಸಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಮುಚ್ಚಳ ಹಾಕದೆ ಬೇಯಿಸಿ ಆ ನೀರನ್ನೂ ಬಸಿದು ಚೆಲ್ಲುವುದು. ಬೇಯುವಾಗ ವಿಷ ಹಬೆಯ ಜೊತೆ ಹೋಗಬೇಕು. ನೆನೆಸದೆ ನೇರ ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿ ಎಂದವರಿಗೆ ಇದು ಗೊತ್ತಿಲ್ಲ. ಕಳಲೆ ನೆನೆಸಿದ ನೀರು ದನಕ್ಕೆ ಸಿಗದ ಹಾಗೆ ಚೆಲ್ಲು ಎಂದು ಸೊಸೆಗೆ ಹೇಳುತ್ತಿದ್ದ ಅಜ್ಜಿಗೆ ಸಯನೈಡ್ ಎಂಬ ಹೆಸರು ಗೊತ್ತಿರಲಿಲ್ಲ. ಅದರ ಕೆಲಸ ಗೊತ್ತಿತ್ತು.

ಅಣಬೆಯ ವಿಷಯದಲ್ಲಂತೂ ಯಾರ ಫೋಟೊವನ್ನೂ ನಂಬಬೇಡಿ. ಬೆಳ್ಳಿ ಕಾಸು ಕಪ್ಪಾಗದಿದ್ದರೆ ತಿನ್ನಬಹುದು, ಹುಳ ತಿಂದ ಅಣಬೆಗೆ ಭಯವಿಲ್ಲ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ – ಮೂರೂ ಸುಳ್ಳು. ಅತಿ ಕೆಟ್ಟ ಜಾತಿಯ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಆಗದಂತೆ ಇದ್ದು, ಆಮೇಲೆ ಪಿತ್ತಕೋಶದ ಪಕ್ಕದ ಯಕೃತ್ತನ್ನೇ ಹಿಡಿಯುತ್ತದೆ. ಹುತ್ತದ ಅಣಬೆಯನ್ನು ವರ್ಷಾನುವರ್ಷ ಅದೇ ಜಾಗದಲ್ಲಿ ಕಿತ್ತು ತಿಂದವರು ಜೊತೆಗೆ ನಿಂತು ಕೈಯಲ್ಲಿ ಹಿಡಿದು ತೋರಿಸಿದರೆ ಮಾತ್ರ ಅಡುಗೆಮನೆಗೆ ತನ್ನಿ.

ಹಳಬರು ಹೇಳಿದ್ದೆಲ್ಲ ಸರಿಯೆಂದು ನಾವು ಹೇಳುತ್ತಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ತಾಗಿಸುವ ರೂಢಿ ನಮ್ಮಲ್ಲಿ ಇದೆ. ಒಂದು ವರ್ಷ ತುಂಬುವವರೆಗೆ ಕೂಸಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಮ್ ರೋಗದ ಬೀಜಾಣುಗಳನ್ನು ಎಳೆ ಕರುಳು ತಡೆಯಲಾರದು. ಇಲ್ಲಿ ಡಾಕ್ಟರ ಮಾತೇ ಮಾತು.

ಇಷ್ಟಾದರೂ ನಮ್ಮ ಮನಸ್ಸು ವಾಲುವುದು ನಿಮ್ಮ ಅತ್ತೆಯವರ ಕಡೆಗೇ. ಆದರೆ ‘ಕೈಗುಣ’ ಎಂಬ ಅವರ ಮಾತನ್ನು ಒಪ್ಪುವುದಿಲ್ಲ. ಅವರ ಕೈಯಲ್ಲಿರುವುದು ಗುಣವಲ್ಲ, ಲೆಕ್ಕ. ನಲವತ್ತು ವರ್ಷ ಒಂದೇ ಭರಣಿ, ಒಂದೇ ಪಾವು, ಒಂದೇ ಮರದ ಮಿಡಿಯಲ್ಲಿ ಪಳಗಿದ ಲೆಕ್ಕ. ಅದನ್ನು ಯಾರೂ ಕೇಳಲಿಲ್ಲ, ಬರೆದುಕೊಳ್ಳಲಿಲ್ಲ. ‘ಏನು ಕೈರುಚಿ ಅಮ್ಮಾ’ ಎಂದು ಹೊಗಳಿ ಕೈತೊಳೆದು ಎದ್ದೆವು. ಕೇಳದೇ ಹೋದದ್ದಕ್ಕೆ ಅವರೂ ಅದನ್ನು ಕೈಗುಣ ಎಂದೇ ಕರೆದುಕೊಂಡರು.

ಇದೇ ಮನೆಯ ಗಂಡಸರು ತೋಟದಲ್ಲಿ ಹೇಗಿರುತ್ತಾರೆ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರ್. ಅದರಲ್ಲಿ ‘ತಕ್ಕಷ್ಟು’ ಇಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ನಿಧಾನ ಹೊಯ್ದು, ಉಜ್ಜಿ ಹೊಳಪಿಸಿದ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಳತೆ ಇದೆ, ಪರೀಕ್ಷೆ ಇದೆ, ತಪ್ಪಿದರೆ ಸರಿಮಾಡುವ ದಾರಿಯೂ ಇದೆ. ನಂಬತಕ್ಕ ಸಲಹೆ ಎಂದರೆ ಹೀಗಿರಬೇಕು. ಕಾಫಿ ಗಿಡಕ್ಕೆ ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವಿದೆ. ಮೈಸೂರಿನಲ್ಲಿ ಆಹಾರಕ್ಕೆಂದೇ 1950ರಿಂದ ಸಿಎಫ್‌ಟಿಆರ್‌ಐ ಎಂಬ ಸಂಶೋಧನಾ ಸಂಸ್ಥೆ ಇದೆ. ಆದರೆ ಮಲೆನಾಡಿನ ಭರಣಿಯ ಉಪ್ಪು ಎಷ್ಟು ಗ್ರಾಂ ಎಂಬ ಪ್ರಶ್ನೆ ಹೊತ್ತು ಅಡುಗೆಮನೆಯ ಬಾಗಿಲಿಗೆ ಬಂದವರು ಎಷ್ಟು ಜನ? 1956ರಲ್ಲೇ ದೇಶಕ್ಕೆ ಕಿಲೋಗ್ರಾಂ ಲೀಟರಿನ ಕಾಯ್ದೆ ಬಂತು, ಸೇರು ಪಾವು ಮೂಲೆಗೆ ಸರಿದವು. ಪಾವಿನಲ್ಲಿ ಕೂತಿದ್ದ ಲೆಕ್ಕವನ್ನು ಗ್ರಾಮಿಗೆ ಇಳಿಸಿಕೊಡಬೇಕಿತ್ತು. ಪತ್ರಿಕೆಗಳವರೂ ಆ ಕೆಲಸ ಮಾಡಲಿಲ್ಲ, ಅಡುಗೆ ಪುಟ ತುಂಬಿದರೆ ಸಾಕೆಂದು ‘ರುಚಿಗೆ ತಕ್ಕಷ್ಟು’ ಎಂದು ಅಚ್ಚು ಹಾಕುತ್ತಲೇ ಬಂದೆವು. ಈ ಸಂಚಿಕೆಯಿಂದ ನಮ್ಮ ಪುಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಗೆ ಗ್ರಾಂ ಇಲ್ಲದ ಬರಹ ಬಂದರೆ ವಾಪಸು ಕಳಿಸುತ್ತೇವೆ.

ಈಗ ನಿಮಗೊಂದು ಕೆಲಸ. ಅಂಗಡಿಯಲ್ಲಿ ಸಿಗುವ ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಬಿಡುವಾಗಿರುವ ಒಂದು ಮಧ್ಯಾಹ್ನ ಅತ್ತೆಯವರ ಮುಂದೆ ಉಪ್ಪಿನ ಮರಿಗೆ ಇಟ್ಟು, ‘ಒಂದು ಕೆ.ಜಿ. ಮಿಡಿಗೆ ಹಾಕುವಷ್ಟು ತೆಗೆದು ಹಾಕಿ ಅತ್ತೆ’ ಎನ್ನಿ. ತೂಗಿ ಬರೆದುಕೊಳ್ಳಿ, ಉಪ್ಪನ್ನು ಮರಿಗೆಗೆ ಸುರಿದು ಮತ್ತೆ ಹಾಕಿಸಿ. ಹತ್ತು ಸಲ ಮಾಡಿ. ಯಾವ ಉಪ್ಪು, ಯಾವ ಮರದ ಮಿಡಿ, ಭರಣಿ ಎಷ್ಟು ದೊಡ್ಡದು, ಇದನ್ನೂ ಪಕ್ಕದಲ್ಲಿ ಬರೆಯಿರಿ. ಆ ಹತ್ತು ಅಂಕಿಗಳನ್ನು ನಮಗೆ ಕಳಿಸಿ. ಮಾಘ ಮಾಸದ ಸಂಚಿಕೆಯಲ್ಲಿ, ಮಿಡಿ ಪೇಟೆಗೆ ಬರುವ ಮೊದಲು, ಅತ್ತೆಯವರು ಒಪ್ಪಿದರೆ ಅವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

– ಸಂ.