ರೀಫ್ ಟ್ಯಾಂಕಿನ ಎಲ್‌ಇಡಿಗೆ ಹಳೇ ಅಡಾಪ್ಟರ್ ಬೇಡ

ಡೊಂಬಿವಲಿಯ ನಿಮ್ಮ ಎರಡಡಿ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ) 3 ವ್ಯಾಟಿನ 12 ಎಲ್‌ಇಡಿಗಳನ್ನು ಹಳೇ ಲ್ಯಾಪ್‌ಟಾಪ್ ಅಡಾಪ್ಟರಿಗೇ ಜೋಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಎಲ್‌ಇಡಿ ಬಿಸಿಯಾದ ಹಾಗೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಅಡಾಪ್ಟರ್ ಮಾತ್ರ ಮೊದಲಿನಷ್ಟೇ ಕೊಡುತ್ತಿರುತ್ತದೆ, ಆಗ ಕರೆಂಟ್ ಏರಿ ಇನ್ನಷ್ಟು ಬಿಸಿಯಾಗಿ ಕೊನೆಗೆ ಸುಟ್ಟೇ ಹೋಗುತ್ತದೆ. ನಾನು ಹೀಗೆ ಒಂದು ಸಾಲು ಪೂರ್ತಿ ಕಳೆದುಕೊಂಡೆ, ತುಂಬಾ ಬೇಜಾರಾಗಿತ್ತು.

ಕಾನ್‌ಸ್ಟಂಟ್ ಕರೆಂಟ್ ಡ್ರೈವರ್, ಅಂದರೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಾಧನ ತಗೊಳ್ಳಿ, ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ. ನೀಲಿ, ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3ರಿಂದ 3.4 ವೋಲ್ಟ್ ಬೇಕು, 12 ಒಂದೇ ಸರಣಿಯಲ್ಲಿ ಅಂದರೆ 36ರಿಂದ 41. ಡ್ರೈವರ್ ಕೊಡುವ ವೋಲ್ಟೇಜಿನ ವ್ಯಾಪ್ತಿಯೊಳಗೆ ಇದು ಬರಬೇಕು, ಕರೆಂಟ್ 700 ಮಿಲಿಆಂಪ್ ಸಾಕು. ಎಂಟು ರಾಯಲ್ ಬ್ಲೂ (ಕಡುನೀಲಿ), ನಾಲ್ಕು ಬಿಳಿ ಹಾಕಿ. ಹವಳದೊಳಗಿನ ಪಾಚಿಗೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಚೆನ್ನಾಗಿ ಒಗ್ಗುತ್ತದೆ.

ಎಲ್‌ಇಡಿಯ ಬಿಸಿ ಹೀರಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್, ಅವೆರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಿಡಲೇಬೇಡಿ, ಹೀಟ್‌ಸಿಂಕಿಗೆ ಅರ್ತಿಂಗ್ ಕೊಡಿ. ನಮ್ಮ ಕಡೆ ಮೊದಲೇ ತೇವ ಜಾಸ್ತಿ ಅಲ್ವಾ, ಅದರ ಜೊತೆ ಟ್ಯಾಂಕಿನ ಉಪ್ಪುನೀರು ಸಿಡಿದರೆ ಬೆಸುಗೆ ಬೇಗ ಹಾಳಾಗುತ್ತದೆ, ಕೆಳಗೆ ಅಕ್ರಿಲಿಕ್ ಹಾಳೆ ಕಟ್ಟಿ. ಮೊದಲ ದಿನವೇ ಪೂರ್ತಿ ಬೆಳಕು ಕೊಟ್ಟರೆ ಹವಳ ಬಿಳಿಚಿಕೊಳ್ಳಬಹುದು. ಲೈಟನ್ನು ಎತ್ತರದಲ್ಲಿ ತೂಗುಹಾಕಿ, ವಾರ ವಾರ ಸ್ವಲ್ಪ ಇಳಿಸುತ್ತಾ ಬನ್ನಿ.