ಹವಾಗುಣ ವಿಜ್ಞಾನ ಓದಿದವರಿಗೆ ಸೈನ್ಸ್ ಮ್ಯೂಸಿಯಂನಲ್ಲಿ ಏನು ಕೆಲಸ?

ನಿಮ್ಮ ತಂಗಿ ಹವಾಗುಣ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ, ಮುಟ್ಟಿ ನೋಡಿ ಕಲಿಯುವಂಥ ವಿಜ್ಞಾನ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿದೆ, ಮನೆಯವರು "ಅಷ್ಟು ಓದಿ ಮಕ್ಕಳನ್ನ ಆಟ ಆಡಿಸ್ತೀಯಾ" ಅಂತಿದ್ದಾರೆ, ಅಲ್ಲಿ ನಿಜವಾಗಿ ವಿಜ್ಞಾನ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಕೋಲಾರದ ಕಡೆ ಇಂಥದ್ದೇ ಒಂದು ಚಿಕ್ಕ ಕೇಂದ್ರದಲ್ಲಿ ಆರು ವರ್ಷದಿಂದ ಇದ್ದೇನೆ. ನಡೆಯುತ್ತದೆ. ಕಾಲೇಜಿನಲ್ಲಿ ಕಲಿತದ್ದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದೇ ಇಲ್ಲಿಗೆ ಬಂದ ಮೇಲೆ.

ನಾನು ಸೇರಿದಾಗ ಹಾಲ್‌ನಲ್ಲಿ ಎರಡು ಬಾಟಲಿಯ ಪ್ರಯೋಗ ಇತ್ತು. ಒಂದರಲ್ಲಿ ಬರೀ ಗಾಳಿ. ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ತುಂಬಿಸಿದ ಕಾರ್ಬನ್ ಡೈಆಕ್ಸೈಡ್. ಎರಡಕ್ಕೂ ಬಲ್ಬಿನ ಶಾಖ ಕೊಟ್ಟರೆ ಎರಡನೆಯದು ಬೇಗ ಬಿಸಿಯಾಗುತ್ತದೆ. "ನೋಡಿ, ಭೂಮಿಯೂ ಹೀಗೇ ಬಿಸಿಯಾಗ್ತಿದೆ" ಅಂತ ಮಕ್ಕಳಿಗೆ ಹೇಳುತ್ತಿದ್ದರು. ಎಷ್ಟೋ ಶಾಲೆಯಲ್ಲಿ ಇದನ್ನು ಈಗಲೂ ಮಾಡುತ್ತಾರೆ. ಆದರೆ ಅಲ್ಲಿ ಕಾರಣ ಬೇರೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ತಳದಲ್ಲಿ ಕೂತುಬಿಡುತ್ತದೆ, ಮೇಲಿನ ತಣ್ಣನೆ ಗಾಳಿಯ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ, ಅದಕ್ಕೇ ಬಿಸಿ ಅಲ್ಲೇ ಉಳಿಯುತ್ತದೆ. ಅದರ ಬದಲು ಆರ್ಗಾನ್ ತುಂಬಿದರೂ ಹೀಗೇ ಆಗುತ್ತದೆ. ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ, ಅಂದರೆ ನೆಲದಿಂದ ಏಳುವ ಶಾಖವನ್ನು ಹಿಡಿಯುವ ಅನಿಲ ಅಲ್ಲ! ಭೂಮಿ ಬಿಸಿಯಾಗುತ್ತಿರುವುದು ನಿಜ, ಕಾರ್ಬನ್‌ನಿಂದ ಅನ್ನುವುದೂ ನಿಜ. ಹಾಗಂತ ಮಕ್ಕಳಿಗೆ ತಪ್ಪು ಕಾರಣ ಕೊಡುವುದು ನನ್ನ ಕೈಲಿ ಆಗಲಿಲ್ಲ. ಆ ಬಾಟಲಿಗಳನ್ನು ತೆಗೆಸಿದೆ.

ಅದರ ಜಾಗಕ್ಕೆ ಬಂದದ್ದು ದೂರದಿಂದಲೇ ಬಿಸಿ ಅಳೆಯುವ ಗನ್. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ್ದು. ಅದೇ ಆಗುವುದಿಲ್ಲ, ಅದು ಮೈ ಬಿಸಿಯನ್ನಷ್ಟೇ ತೋರಿಸುತ್ತದೆ. ಗ್ಯಾರೇಜ್, ಫ್ಯಾಕ್ಟರಿಗಳಲ್ಲಿ ಬಳಸುವಂಥದ್ದು ಬೇಕು. ಜನವರಿಯಲ್ಲಿ ಮೋಡವಿಲ್ಲದ ಆಕಾಶಕ್ಕೆ ಹಿಡಿದರೆ ಸೊನ್ನೆಗಿಂತ ಕೆಳಗೆ ತೋರಿಸುತ್ತದೆ. ತಗ್ಗಿನಲ್ಲಿ ಮೋಡ ಇದ್ದ ದಿನ ಹತ್ತು ಹದಿನೈದು ಡಿಗ್ರಿ. ಅಂದರೆ ಮೇಲಿನಿಂದಲೂ ನಮ್ಮ ಕಡೆಗೆ ಶಾಖ ಬರುತ್ತಿದೆ, ಮೋಡ ಇದ್ದರೆ ಇನ್ನೂ ಜಾಸ್ತಿ. ಇದನ್ನು ತೋರಿಸಿದ ತಕ್ಷಣ ಹಳ್ಳಿ ಮಕ್ಕಳು ಅವರೇ ಹೇಳುತ್ತಾರೆ: "ಅದಕ್ಕೇ ಮಿಸ್, ಮೋಡ ಮುಚ್ಚಿದ ರಾತ್ರಿ ಸೆಖೆ, ಚುಕ್ಕಿ ಕಾಣೋ ರಾತ್ರಿ ಚಳಿ." ಆ ಮಾತು ಕೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಕಾಣುವುದು ಹೆಚ್ಚಾಗಿ ಮೋಡ ಮತ್ತು ನೀರಾವಿಯ ಕೆಲಸ. ಕಾರ್ಬನ್‌ನ ಪಾಲು ಈ ಗನ್‌ಗೆ ಕಾಣುವುದಿಲ್ಲ. ಅದನ್ನೂ ಹೇಳಿಯೇ ಮುಂದಿನ ಟೇಬಲ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲೊಂದು ಗಾಜಿನ ಡಬ್ಬಿಯಲ್ಲಿ ರಾಗಿ ಇದೆ. ಎರಡೂವರೆ ಮೂರು ಕಿಲೋ ರಾಗಿ ಅಂದರೆ ಹೆಚ್ಚುಕಮ್ಮಿ ಹತ್ತು ಲಕ್ಷ ಕಾಳು. ಪಕ್ಕದ ಬಟ್ಟಲಲ್ಲಿ ಸುಣ್ಣದ ಬಿಳಿ ಹಚ್ಚಿದ 420 ಕಾಳು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇವತ್ತು ಕಾರ್ಬನ್ ಡೈಆಕ್ಸೈಡ್ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315 ಇತ್ತು. ಕಾರ್ಖಾನೆಗಳು ಬರುವುದಕ್ಕೆ ಮೊದಲು 280. ಎಲ್ಲರೂ ಆ ಚಿಟಿಕೆ ಕಾಳು ನೋಡಿ "ಇಷ್ಟೇನಾ?" ಅನ್ನುತ್ತಾರೆ. ಹೌದು, ಇಷ್ಟೇ. ಉಳಿದ ರಾಗಿಯ ಮುಕ್ಕಾಲು ಪಾಲು ನೈಟ್ರೋಜನ್, ಮಿಕ್ಕದ್ದು ಹೆಚ್ಚಾಗಿ ಆಕ್ಸಿಜನ್. ಅವೆರಡೂ ನೆಲದಿಂದ ಏಳುವ ಶಾಖವನ್ನು ಹಿಡಿಯುವುದೇ ಇಲ್ಲ. ಹಿಡಿಯುವುದು ಇಂಥ ಕೆಲವೇ ಕಾಳು. ಅದಕ್ಕೇ 280 ಇದ್ದದ್ದು 420 ದಾಟಿದರೆ ಅಷ್ಟು ದೊಡ್ಡ ಮಾತು.

ನಿಮ್ಮ ತಂಗಿಗೆ ಮುಖ್ಯವಾಗಿ ಹೇಳಬೇಕಾದದ್ದು ಮುಂದಿದೆ. ಮಳೆಯ ಬಗ್ಗೆ ಒಂದು ಮಾದರಿ ಮಾಡಿದ್ದೆ. ಎರಡು ಟ್ರೇ, ಎರಡರಲ್ಲೂ ನಮ್ಮ ಕೆಂಪು ಮಣ್ಣು, ಎರಡಕ್ಕೂ ಒಂದೊಂದು ಲೀಟರ್ ನೀರು. ಒಂದಕ್ಕೆ ಜಿಟಿಜಿಟಿ ಅಂತ ಅರ್ಧ ಗಂಟೆ, ಇನ್ನೊಂದಕ್ಕೆ ಒಂದೇ ನಿಮಿಷದಲ್ಲಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯಬಲ್ಲದು, ಹಾಗಾಗಿ ಸುರಿಯುವಾಗ ರಭಸವಾಗಿ ಸುರಿಯುವುದು ಹೆಚ್ಚುತ್ತದೆ. ಜಿಟಿಜಿಟಿ ಮಳೆ ಮಣ್ಣಿಗೆ ಇಳಿಯುತ್ತದೆ, ರಭಸದ ಮಳೆ ಹರಿದು ಹೋಗಿ ಹಾಳಾಗುತ್ತದೆ. ಇದು ನನ್ನ ಪಾಠವಾಗಿತ್ತು.

ಒಂದು ದಿನ ಮೊಮ್ಮಗನ ಜೊತೆ ಒಬ್ಬ ತಾತ ಬಂದಿದ್ದರು, ಮುಳಬಾಗಿಲು ಕಡೆಯವರು. ಎರಡು ಸಲ ನೋಡಿದರು. ಆಮೇಲೆ ತೆಲುಗು ಬೆರೆಸಿದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ಹರಿದದ್ದು ಹಾಳು ಅಂದ್ಯಲ್ಲಮ್ಮಾ, ಹರೀದೆ ಇದ್ರೆ ಕೆರೆ ತುಂಬೋದು ಹೆಂಗೆ? ರಾಗಿಗೆ ಜಿಟಿಜಿಟಿ ಮಳೆ ಬೇಕು. ಕೆರೆಗೆ ರಭಸದ ಮಳೆನೇ ಬೇಕು."

ನನ್ನ ಬಳಿ ಉತ್ತರ ಇರಲಿಲ್ಲ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು. ಹರಿದ ನೀರನ್ನು ಹಿಡಿದಿಡಲೆಂದೇ ಇಲ್ಲಿಯವರು ಕೆರೆಯ ಕೆಳಗೆ ಕೆರೆ ಕಟ್ಟಿದರು. ಅದನ್ನು ಮರೆತು ಪಾಠ ಮಾಡಿದ್ದೆ ನಾನು. ಅವರನ್ನು ಕೂರಿಸಿಕೊಂಡು ಕೇಳಿದೆ. 2021ರ ನವೆಂಬರ್ ಮಳೆಯ ಬಗ್ಗೆ ಹೇಳಿದರು. ಎಷ್ಟೋ ವರ್ಷದ ಮೇಲೆ ಅವರ ಊರಿನ ಕೆರೆ ಕೋಡಿ ಹರಿಯಿತಂತೆ. ಊರವರು ಹೋಗಿ ಪೂಜೆ ಮಾಡಿ ಬಾಗಿನ ಬಿಟ್ಟರಂತೆ. ಅದೇ ವಾರ ಕೊಯ್ಲಿಗೆ ಬಂದ ರಾಗಿ ಮಲಗಿ, ತೆನೆಯಲ್ಲೇ ಮೊಳಕೆ ಒಡೆಯಿತಂತೆ. ಒಂದೇ ಮಳೆ, ಎರಡೂ ಮಾಡಿತು.

ಆ ಮಾದರಿಯನ್ನು ಒಡೆದು ಹೊಸದಾಗಿ ಕಟ್ಟಿದೆವು. ಈಗ ರಭಸದ ಟ್ರೇ ಕೊನೆಗೆ ಕಾಲುವೆ, ಕೆರೆ, ತೂಬು, ಕೋಡಿ ಎಲ್ಲ ಇದೆ. ಕಾಲುವೆಗೆ ಅಡ್ಡ ಇಡಲು ಇಟ್ಟಿಗೆ ಚೂರು, ಕೆರೆಯ ತಳಕ್ಕೆ ತುಂಬಲು ಹೂಳು, ಎರಡನ್ನೂ ಮಕ್ಕಳ ಕೈಗೇ ಕೊಡುತ್ತೇವೆ. ಅದೇ ಒಂದು ಲೀಟರ್ ಒಂದು ಸಲ ಕೆರೆ ತುಂಬಿಸುತ್ತದೆ, ಇನ್ನೊಂದು ಸಲ ಏರಿ ಒಡೆಯುತ್ತದೆ. ಮಳೆಯ ಚಾರ್ಟನ್ನೂ ಬದಲಾಯಿಸಿದೆ. ತಿಂಗಳ ಹೆಸರಿನ ಕೆಳಗೇ ಉತ್ತರೆ, ಹಸ್ತ, ಚಿತ್ತೆ ಅಂತ ಮಳೆ ನಕ್ಷತ್ರ ಬರೆದೆ. ಅಲ್ಲಿಯವರೆಗೆ ದೂರ ನಿಲ್ಲುತ್ತಿದ್ದ ಹಿರಿಯರು ಈಗ ಹತ್ತಿರ ಬಂದು ಬೆರಳಿಟ್ಟು ಓದುತ್ತಾರೆ.

ಇದು ವಿಜ್ಞಾನ ಅಲ್ಲ ಅಂತ ನಿಮ್ಮ ಮನೆಯವರು ಅಂದರೆ ನಾನು ಒಪ್ಪುವುದಿಲ್ಲ.

ಕಷ್ಟಗಳೂ ಇವೆ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಟೂರ್ ಸೀಸನ್. ಬಸ್ ಮೇಲೆ ಬಸ್ ಬರುತ್ತದೆ, ಗಂಟಲು ಕಟ್ಟುತ್ತದೆ, ಬಟನ್‌ಗಳು ವಾರಕ್ಕೊಂದು ಕಿತ್ತು ಬರುತ್ತವೆ. ಸೋಲ್ಡರಿಂಗ್ ಕಲಿಯಲೇಬೇಕು. ಪೇಪರ್ ಬರೆಯಲು ಟೈಮ್ ಸಿಗುವುದು ಕಮ್ಮಿ. "ಹವಾಗುಣ ವಿಜ್ಞಾನಿ" ಅನ್ನುವ ಹೆಸರಿನ ಹುದ್ದೆ ಇಂಥ ಕಡೆ ಅಪರೂಪ. ಸಾಮಾನ್ಯವಾಗಿ ಕ್ಯುರೇಟರ್, ಎಜುಕೇಶನ್ ಅಸಿಸ್ಟೆಂಟ್ ಅಂತಲೇ ಕರೆಯುತ್ತಾರೆ. ಮುಂದೆ ಪಿಎಚ್.ಡಿ. ಮಾಡುವ ಆಸೆ ಇದ್ದರೆ ಕೋಡಿಂಗ್, ಡೇಟಾ ಕೆಲಸ ಕೈಬಿಡದಿರಲಿ. ನಾನು ದಿನಾ ಸಂಜೆ ಒಂದು ಗಂಟೆ ತಾಲ್ಲೂಕುಗಳ ಮಳೆ ಲೆಕ್ಕ ಹಿಡಿದು ಕೂರುತ್ತೇನೆ.

ಸೇರುವ ಮೊದಲು ತಂಗಿ ಅಲ್ಲಿಯವರನ್ನು ಒಂದು ಮಾತು ಕೇಳಲಿ: ಒಂದು ಮಾದರಿ ತಪ್ಪು ಅನ್ನಿಸಿದರೆ ಅದನ್ನು ತೆಗೆದು ಬೇರೆ ಮಾಡಲು ಬಿಡ್ತೀರಾ? ಬಿಡ್ತೀವಿ ಅಂದರೆ ಧೈರ್ಯವಾಗಿ ಸೇರಲಿ. ಬರೀ ಬರೆದು ಕೊಟ್ಟದ್ದನ್ನು ಒಪ್ಪಿಸಬೇಕು ಅಂದರೆ ಬೇರೆ ಕಡೆ ನೋಡಲಿ.