ವಾಚ್‌ಮೆನ್ ಸಿನಿಮಾ ಬಗ್ಗೆ ಜನ ಇಷ್ಟೊಂದು ಕಿತ್ತಾಡೋದು ಯಾಕೆ?

ಮುಖ್ಯ ಕಾರಣ ಕ್ಲೈಮ್ಯಾಕ್ಸ್ (ಸಿನಿಮಾ ನೋಡಿಲ್ಲ ಅಂದ್ರೆ ಮುಂದೆ ಓದ್ಬೇಡಿ). ಈ ಸೂಪರ್‌ಹೀರೋ ಸಿನಿಮಾಗೆ ಮೂಲವಾದ ಅದೇ ಹೆಸರಿನ ಕಾಮಿಕ್‌ನಲ್ಲಿ ನ್ಯೂಯಾರ್ಕ್ ಮಧ್ಯೆ ಆಕ್ಟೋಪಸ್ ಥರದ ದೈತ್ಯ ಪ್ರಾಣಿ ಬಂದು ಲಕ್ಷಾಂತರ ಜನ ಸಾಯ್ತಾರೆ, 2009ರ ಸಿನಿಮಾದಲ್ಲಿ ಡೈರೆಕ್ಟರ್ ಝ್ಯಾಕ್ ಸ್ನೈಡರ್ ಅದನ್ನ ತೆಗೆದು ವಿನಾಶದ ತಪ್ಪನ್ನೆಲ್ಲಾ ಡಾಕ್ಟರ್ ಮ್ಯಾನ್‌ಹಟನ್ ಅನ್ನೋ ಸೂಪರ್‌ಹೀರೋ ತಲೆಗೆ ಕಟ್ಟಿದ್ರು, ಕಾಮಿಕ್ ಓದಿದವ್ರಲ್ಲಿ ತುಂಬಾ ಜನಕ್ಕೆ ಅದು ಇವತ್ತಿಗೂ ಸಿಟ್ಟು. ನನಗೇನೋ ಈ ಬದಲಾವಣೆ ಕಥೆಗೆ ಚೆನ್ನಾಗೇ ಕೂತಿದೆ ಅನ್ಸುತ್ತೆ. ಓದದೇ ಹೋದವ್ರು ಫೈಟ್ ಜಾಸ್ತಿ ಇರುತ್ತೆ ಅಂತ ಹೋಗಿ ಎರಡೂಮುಕ್ಕಾಲು ಗಂಟೆ ಮಾತು, ಫ್ಲ್ಯಾಷ್‌ಬ್ಯಾಕ್ ನೋಡಿ ಸುಸ್ತಾದ್ರು. ಕಾಮಿಕ್ ಬರೆದ ಅಲನ್ ಮೂರ್ ಅಂತೂ ತಮ್ಮ ಹೆಸರೇ ಹಾಕಿಸ್ಕೊಳ್ಳಲಿಲ್ಲ. ಆದ್ರೆ ಟೈಟಲ್ ಕಾರ್ಡ್ ನಡೆಯೋವಾಗ ಬಾಬ್ ಡಿಲನ್ ಹಾಡಿಗೆ ಕ್ಯಾಮೆರಾ ಫ್ಲ್ಯಾಷ್ ಹೊಡೆದು ಹಳೇ ಹೀರೋಗಳು ಫೋಟೋ ಥರ ನಿಂತ್ಬಿಡ್ತಾರಲ್ಲ, ಅದನ್ನ ಬೈಯೋರೂ ಹೊಗಳ್ತಾರೆ.